ಹಳೆಯ ತೂಕ

ಹಲಸೂರು ಕೆರೆಯ ಹತ್ತಿರದ ಒಂದು ಡಯಾಲಿಸಿಸ್ ಸೆಂಟರ್‌ಗೆ ನಮ್ಮ ಚಿಕ್ಕ ಕಂಪನಿ ಹತ್ತು ಪೆಟ್ಟಿಗೆ ಮಾಡಿಕೊಟ್ಟಿತ್ತು, ಹಾಸಿಗೆಗೊಂದರಂತೆ. ಮೈಯಲ್ಲಿ ನಿಂತ ನೀರು ತೆಗೆದ ಮೇಲೆ ರೋಗಿಯ ತೂಕ ಎಷ್ಟಿರಬೇಕು ಎಂದು ಡಾಕ್ಟರ್ ಹೇಳಿದ್ದನ್ನು ಆ ಪೆಟ್ಟಿಗೆ ಇಟ್ಟುಕೊಳ್ಳುತ್ತಿತ್ತು. ಸಿಸ್ಟರ್ ಅದನ್ನು ನೋಡಿ ಮಷೀನ್ ಹೊಂದಿಸುತ್ತಿದ್ದರು. ಅದರೊಳಗಿನ ಸಾಫ್ಟ್‌ವೇರ್ ಬರೆದವಳು ನಾನು.

ನಾಲ್ಕನೇ ಹಾಸಿಗೆಗೆ ವಾರಕ್ಕೆ ಮೂರು ಸಲ ಬರುತ್ತಿದ್ದವರು ರಾಯಚೂರು ಕಡೆಯ ಒಬ್ಬ ಮನುಷ್ಯ. ರಾಮಮೂರ್ತಿ ನಗರದಲ್ಲಿ ಗಂಡ ಹೆಂಡತಿ ಒಂದು ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದರು. ಊಟ ಸೇರತೊಡಗಿ ಗಂಡ ಮೈ ತುಂಬಿಕೊಂಡಿದ್ದರಿಂದ ಆ ವಾರವಷ್ಟೇ ಡಾಕ್ಟರ್ ಐವತ್ತಾರು ಕೆಜಿಯನ್ನು ಐವತ್ತೆಂಟು ಮಾಡಿದ್ದರು.

ಒಂದು ಬೆಳಿಗ್ಗೆ ಕರೆಂಟ್ ಹೋಯಿತು. ಜನರೇಟರ್ ಶುರುವಾಗುವಷ್ಟರಲ್ಲಿ ಆ ಹಾಸಿಗೆಯ ಪೆಟ್ಟಿಗೆ ಆರಿಹೋಗಿತ್ತು, ಶುರುವಾದ ಮೇಲೆ ತಾನಾಗಿ ಆನ್ ಆಯಿತು. ಆಮೇಲೆ ಅವರನ್ನು ಮಲಗಿಸಿದರು. ಪರದೆಯ ಮೇಲೆ ಐವತ್ತಾರು ಎಂದಿತ್ತು. ಎರಡು ಲೀಟರ್ ನೀರು ಹೆಚ್ಚಿಗೆ ಹೋಯಿತು. ಮೂರನೇ ಗಂಟೆಯಲ್ಲಿ ಬಿಪಿ ಕುಸಿದು ಪ್ರಜ್ಞೆ ತಪ್ಪಿತು. ಎಚ್ಚರವಾದಾಗ ಬಲಗೈ ಏಳಲಿಲ್ಲ.

ಫೋನ್ ಬಂದ ಕೂಡಲೇ ಇಂದಿರಾನಗರದ ಆಫೀಸಿನಿಂದ ನಾನು ಸೆಂಟರ್‌ಗೆ ಓಡಿದೆ. ಹಿರಿಯ ಸಿಸ್ಟರ್ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. "ನಾನು ಸ್ಕ್ರೀನ್ ನೋಡೇ ಹಾಕಿದ್ದು ಕಣಮ್ಮ," ಎಂದರು. "ಈಗ ಎಲ್ಲಾರೂ ನನ್ನೇ ನೋಡ್ತಾರೆ."

ಆ ಪೆಟ್ಟಿಗೆಯನ್ನು ಆಫೀಸಿಗೆ ತಂದು ಬಿಚ್ಚಿದೆ. ಅದರ ಮೆಮೊರಿ ಚಿಪ್ ಒಂದು ಸಾಲು ಬದಲಿಸಬೇಕಾದರೂ ಸುತ್ತಲಿನ ಸಾಲುಗಳನ್ನೂ ಸೇರಿಸಿ ಹೊಸದಾಗಿ ಬರೆಯುತ್ತದೆ. ನಡುವೆ ಕರೆಂಟ್ ಹೋದರೆ ಮುಟ್ಟದೇ ಇದ್ದ ಸಾಲೂ ಹಾಳಾಗಬಹುದು. ಅದಕ್ಕೇ, ಬರೆದು ಮುಗಿಯುವವರೆಗೆ ಕಾಯುವ ವ್ಯವಸ್ಥೆ ಅಂಕಿಗಳನ್ನು ಇಟ್ಟುಕೊಳ್ಳುವ ಡೇಟಾಬೇಸಿನಲ್ಲೇ ಇರುತ್ತದೆ. ಪೆಟ್ಟಿಗೆ ನಿಧಾನ ಎಂದು ದೂರು ಬಂದಾಗ ಅದನ್ನು ತೆಗೆದುಹಾಕಿದವಳು ನಾನೇ. ಡೇಟಾಬೇಸ್ ಕೆಟ್ಟರೆ ಹಿಂದಿನ ವಾರದ ಪ್ರತಿಯನ್ನು ಸದ್ದಿಲ್ಲದೆ ತಂದು ಕೂರಿಸುವಂತೆ ಬರೆದವಳೂ ನಾನೇ. ಪೆಟ್ಟಿಗೆ ಯಾವತ್ತೂ ನಿಲ್ಲಬಾರದು ಎಂಬುದು ಆಗ ನನಗಿದ್ದ ಹಟ.

ಆಫೀಸಿನಲ್ಲೇ ಉಳಿದಿದ್ದ ಇನ್ನೊಂದು ಪೆಟ್ಟಿಗೆಗೆ ಅವೇ ಅಂಕಿಗಳನ್ನು ತುಂಬಿ, ಮೇಜಿನ ಮೇಲಿಟ್ಟು ಎರಡು ದಿನ ಸ್ವಿಚ್ ಆರಿಸಿ ಹಾಕಿ ನೋಡಿದೆ. ಪ್ರತಿ ಸಲವೂ ಸರಿಯಾಗಿ ಎದ್ದು ಬರುತ್ತಿತ್ತು. ಎರಡನೇ ದಿನ ಮಧ್ಯಾಹ್ನ, ಐವತ್ತೆಂಟು ಇದ್ದಲ್ಲಿ ಐವತ್ತಾರು ಬಂತು. ಯಾವ ಎಚ್ಚರಿಕೆಯೂ ಇರಲಿಲ್ಲ. ಎದ್ದು ಹೋಗಿ ಮುಖ ತೊಳೆದುಕೊಂಡೆ.

ಕಂಪನಿ ನಡೆಸುತ್ತಿದ್ದವನು ನನ್ನ ಕಾಲೇಜಿನ ಗೆಳೆಯ. ತೋರಿಸಿದೆ. ಅವನು ಬಾಗಿಲು ಮುಚ್ಚಿ ಬಂದು ಕೂತ.

"ರಿಪೋರ್ಟಲ್ಲಿ ಪವರ್ ಪ್ರಾಬ್ಲಂ ಅಂತ ಹಾಕು. ಸುಳ್ಳೇನಲ್ವಲ್ಲ."

"ಸಿಸ್ಟರ್ ತಲೆ ಮೇಲೆ ಬರತ್ತೆ."

"ಈ ಕಂಪನೀನ ನಂಬ್ಕೊಂಡು ಎಂಟು ಜನ ಇದೀವಿ. ಅದನ್ನೂ ಯೋಚನೆ ಮಾಡು."

ಯೋಚನೆ ಮಾಡಿದೆ. ಮಾಡಿದ ಮೇಲೆ ನಡೆದದ್ದನ್ನು ನಡೆದ ಹಾಗೇ ಬರೆದು ಸೆಂಟರ್‌ನ ಡಾಕ್ಟರಿಗೆ ಕೊಟ್ಟೆ. ಮರುದಿನ ರಾಮಮೂರ್ತಿ ನಗರಕ್ಕೆ ಹೋದೆ.

ಹೆಂಡತಿ ಒಬ್ಬರೇ ಇಸ್ತ್ರಿ ತಿಕ್ಕುತ್ತಿದ್ದರು. ಗಂಡ ಗಾಡಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಡಗೈಯಿಂದ ಅಂಗಿ ಮಡಚಲು ನೋಡುತ್ತಿದ್ದರು. ನಾನು ಯಾರು, ಏನು ಮಾಡಿದೆ ಎಂದು ಹೇಳಿದೆ. ಚಿಪ್, ಡೇಟಾಬೇಸ್ ಯಾವುದನ್ನೂ ಹೇಳಲಿಲ್ಲ. "ನಾನು ಬರೆದದ್ದು ಹಳೇ ತೂಕ ತೋರಿಸ್ತು. ಸಿಸ್ಟರ್ ತಪ್ಪಿಲ್ಲ."

ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟರು. "ನಾವು ಆ ಸಿಸ್ಟರಮ್ಮಗ ಬಾಯಿಗೆ ಬಂದಂಗ ಬೈದು ಬಂದೀವಿ," ಎಂದು ಅತ್ತರು.

ಗಂಡ ಕೇಳಿದ್ದು ಒಂದೇ. ಮಾತು ಸ್ವಲ್ಪ ತೊದಲುತ್ತಿತ್ತು. "ಅಂಥವು ಇನ್ನೂ ಎಷ್ಟ್ ಅದಾವ್ರಿ ಅಲ್ಲಿ?"

"ಒಂಬತ್ತು."

"ಹಂಗಾದ್ರ ಇಲ್ಲ್ಯಾಕ ನಿಂತೀರಿ? ಮೊದ್ಲ ಅವನ್ ನೋಡ್ರಿ."

ಅಲ್ಲಿಂದಲೇ ಸೆಂಟರ್‌ಗೆ ಹೋಗಿ ಒಂಬತ್ತನ್ನೂ ಬಿಚ್ಚಿಸಿದೆ. ಸಿಸ್ಟರುಗಳು ಕಾಗದದ ಚಾರ್ಟಿಗೆ ಮರಳಿದರು. ಹಿರಿಯ ಸಿಸ್ಟರ್ ಕೆಲಸ ಉಳಿಯಿತು, ಆದರೆ ಅವರು ನನ್ನ ಜೊತೆ ಮಾತಾಡಲಿಲ್ಲ. ಕಂಪನಿ ಆರು ತಿಂಗಳೂ ಬಾಳಲಿಲ್ಲ. ಗೆಳೆಯನ ಮುಖ ಆಮೇಲೆ ನೋಡಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ಮನುಷ್ಯ ತೀರಿಕೊಂಡರು. ಕಿಡ್ನಿಯಿಂದಲೋ, ಅಂದು ಹೊಡೆದ ಲಕ್ವದಿಂದಲೋ ಎಂದು ಡಾಕ್ಟರನ್ನು ಕೇಳಿದೆ. ಹಾಗೆಲ್ಲ ಬೇರೆ ಮಾಡಿ ಹೇಳೋಕಾಗಲ್ಲಮ್ಮ ಎಂದರು.