ಪಟ್ಟಿಯಲ್ಲಿ ಇಲ್ಲದ ಫೋಟೋ

ಗುರುಶಾಂತಪ್ಪನವರು ಯಾರನ್ನು ಕಂಡರೂ ಮೊದಲು ತೂಕ ಹೇಳುತ್ತಿದ್ದರು. ನಮಸ್ಕಾರ ಆಮೇಲೆ. ತಲೆಯನ್ನು ಎಡಕ್ಕೆ ವಾಲಿಸಿ, ಒಂದು ಕಣ್ಣು ಸಣ್ಣದು ಮಾಡಿ ಒಮ್ಮೆ ನೋಡಿದರೆ ಮುಗಿಯಿತು. "ಎಪ್ಪತ್ತಾರು. ಹೋದ ತಿಂಗಳು ಎಪ್ಪತ್ತಮೂರಿದ್ರಿ. ಮಗಳ ಮದುವೆ ಓಡಾಟದಲ್ಲಿ ಎಲ್ಲರೂ ಇಳೀತಾರೆ, ನೀವೊಬ್ರೇ ಏರಿರೋದು" ಎಂದು ನಮ್ಮ ಅಪ್ಪನಿಗೇ ಹೇಳಿದ್ದರು. ನನ್ನನ್ನು ಮೊದಲ ಸಲ ಕಂಡಾಗ, "ನಲವತ್ತೆರಡು. ಅದರಲ್ಲಿ ಜಡೆದೇ ಎರಡು" ಎಂದರು. ನಾನಾಗ ಶೇಷಾದ್ರಿಪುರದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಸಿಟ್ಟು ತಡೆಯದೆ ಮರುದಿನ ಕಾಲೇಜಿನಿಂದ ಬರುವಾಗ ರೈಲ್ವೆ ಸ್ಟೇಷನ್ನಿಗೆ ಹೋಗಿ ತೂಕದ ಯಂತ್ರದ ಮೇಲೆ ನಿಂತೆ. ಹೊರಗೆ ಬಿದ್ದ ಚೀಟಿಯ ಒಂದು ಕಡೆ ನಲವತ್ತೆರಡು ಎಂದಿತ್ತು, ಇನ್ನೊಂದು ಕಡೆ ಶೀಘ್ರದಲ್ಲೇ ವಿದೇಶ ಪ್ರಯಾಣ ಎಂದಿತ್ತು. ಎರಡರಲ್ಲಿ ಒಂದು ಮಾತ್ರ ನಿಜವಾಯಿತು.

ಅವರ ಮನೆತನದ್ದು ಅಕ್ಕಿಪೇಟೆಯಲ್ಲಿ ಅಕ್ಕಿ ಮಂಡಿ. ಮೂಟೆಯನ್ನು ಕಣ್ಣಲ್ಲೇ ತೂಗುವುದನ್ನು ಹತ್ತು ವರ್ಷಕ್ಕೇ ಕಲಿತಿದ್ದರಂತೆ. ಮಂಡಿಯನ್ನು ಅಣ್ಣಂದಿರಿಗೆ ಬಿಟ್ಟು ಚಾಮರಾಜಪೇಟೆಯಲ್ಲಿ ಫೋಟೋ ಸ್ಟುಡಿಯೋ ತೆರೆದ ಮೇಲೂ ಆ ಕಣ್ಣು ಮಾತ್ರ ಮಂಡಿಯಲ್ಲೇ ಉಳಿಯಿತು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು, ಕೊರಳಲ್ಲಿ ಮೇಲಿನಿಂದ ಬಗ್ಗಿ ನೋಡುವ ಪೆಟ್ಟಿಗೆ ಕ್ಯಾಮೆರಾ. ಆ ಕ್ಯಾಮೆರಾದಲ್ಲಿ ಒಂದು ರೋಲಿಗೆ ಹನ್ನೆರಡೇ ಫೋಟೋ. ಅವರ ಇಡೀ ಜೀವನ ಆ ಹನ್ನೆರಡರ ಮೇಲೆ ನಿಂತಿತ್ತು.

ಮದುವೆ ಒಪ್ಪಿಕೊಂಡ ದಿನವೇ ಅವರು ಲಗ್ನಪತ್ರಿಕೆ ಕೇಳುತ್ತಿದ್ದರು. ಅದರ ಬೆನ್ನಿನ ಮೇಲೆ, ಮೂರು ರೋಲಿನ ಲೆಕ್ಕದಲ್ಲಿ, ಒಂದರಿಂದ ಮೂವತ್ತಾರರವರೆಗೆ ಫೋಟೋಗಳ ಪಟ್ಟಿ ಬರೆಯುತ್ತಿದ್ದರು. ಒಂದು, ಗಣಪತಿ ಪೂಜೆ. ಎರಡು, ವರನ ಕಡೆಯವರು ಬಾಗಿಲಲ್ಲಿ. ಹೀಗೆ. ಕೆಳಗೆ ಹೆಣ್ಣಿನ ಕಡೆಯವರದೊಂದು ಸಹಿ, ಗಂಡಿನ ಕಡೆಯವರದೊಂದು ಸಹಿ. ಅದೇ ಅವರ ಕರಾರುಪತ್ರ. ಆಮೇಲೆ ಏನಾದರೂ ಬದಲಾಯಿಸಬೇಕೆಂದರೆ ಎರಡು ನಿಯಮ. ಒಂದು ಫೋಟೋ ಸೇರಿಸಬೇಕಾದರೆ ಒಂದು ಬಿಡಬೇಕು. ಬದಲಾವಣೆಗೂ ಎರಡೂ ಕಡೆಯ ಸಹಿ ಬೇಕು.

"ಮದುವೆ ಬೇಕಾದ್ರೆ ಬದಲಾಯಿಸ್ಕೊಳಿ, ನನ್ನದೇನೂ ತಕರಾರಿಲ್ಲ. ಪಟ್ಟಿ ಬದಲಾಗ್ಬೇಕಾದ್ರೆ ಬೀಗರನ್ನ ಕರ್ಕೊಂಡು ಬನ್ನಿ" ಎನ್ನುತ್ತಿದ್ದರು.

ಬೀಗರನ್ನು ಕರೆತರಬೇಕು ಎಂದ ತಕ್ಷಣ ಅರ್ಧ ಜನ ಬದಲಾವಣೆಯನ್ನೇ ಮರೆಯುತ್ತಿದ್ದರು. ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ ಒಬ್ಬರು ವಾರಕ್ಕೊಮ್ಮೆ ಬರುತ್ತಿದ್ದರು. ಮೊದಲ ವಾರ, ಭಾವನ ಜೊತೆಗಿನ ಫೋಟೋ ಬೇಡ. ಎರಡನೇ ವಾರ, ಇರಲಿ, ಆದರೆ ಭಾವ ಹಿಂದಿನ ಸಾಲಿನಲ್ಲಿ. ಮೂರನೇ ವಾರ ಮತ್ತೆ ಬೇಡ. ಆ ಸಲ ನಾನೂ ಸ್ಟುಡಿಯೋದಲ್ಲೇ ಕೂತಿದ್ದೆ.

"ಸ್ವಾಮಿ, ನಿಮ್ಮ ಭಾವ ಎಷ್ಟು ತೂಗ್ತಾರೆ?" ಎಂದು ಗುರುಶಾಂತಪ್ಪನವರು ಕೇಳಿದರು.

"ಅದ್ಯಾಕ್ರೀ? ಎಂಬತ್ತಿರಬೋದು."

"ಎಂಬತ್ತು ಕೆಜಿ ಎತ್ತಿ ಆ ಕಡೆ ಇಟ್ಟೆ, ಈ ಕಡೆ ಇಟ್ಟೆ, ಮತ್ತೆ ಆ ಕಡೆ ಇಟ್ಟೆ. ಸೊಂಟ ಹಿಡ್ಕೊಂಡಿದೆ. ಮುಂದಿನ ವಾರ ಅವರನ್ನೇ ಕಳ್ಸಿ, ಎಲ್ಲಿ ನಿಂತ್ಕೋತಾರೋ ಅವರೇ ಬರ್ದು ಸಹಿ ಹಾಕ್ಲಿ."

ಆ ವರ್ಷ ನಮ್ಮ ಅಕ್ಕ ವಸುಧಾಳ ಮದುವೆ. ಪಟ್ಟಿಯ ವಿಷಯದಲ್ಲಿ ಅಪ್ಪ ಒಮ್ಮೆ ಹೋಗಿ ಸೋತು ಬಂದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಮೂರು ಸಲ ಹೋದೆ, ಮೂರು ಸಲವೂ "ಬೀಗರೆಲ್ಲಿ?" ಎಂಬ ಪ್ರಶ್ನೆಗೆ ತಿರುಗಿ ಬಂದೆ. ಅವರನ್ನು ಒಮ್ಮೆಯಾದರೂ ಸೋಲಿಸಬೇಕು ಎಂಬ ಹಟ ನನಗೆ ಹುಟ್ಟಿದ್ದು ಹಾಗೆ. ಮುಂದೆ ಆದದ್ದಕ್ಕೆಲ್ಲ ಆ ಹಟವೇ ಕಾರಣ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಮದುವೆ ಚಾಮರಾಜಪೇಟೆಯದೇ ಒಂದು ಹಳೆಯ ಛತ್ರದಲ್ಲಿ. ನಡುವೆ ತೆರೆದ ಅಂಗಳ, ಮಹಡಿಯಲ್ಲಿ ಅಂಗಳದ ಮೇಲೆ ಚಾಚಿದ ಮರದ ಬಾಲ್ಕನಿ. ಧಾರೆ ಮುಗಿದು ಊಟದ ಮೊದಲ ಪಂಕ್ತಿ ಕೂರುವ ಹೊತ್ತಿಗೆ ನನ್ನ ಕಣ್ಣು ಆ ಬಾಲ್ಕನಿಯ ಮೇಲೆ ಬಿತ್ತು. ಎರಡೂ ಕಡೆಯವರು ಅಲ್ಲಿ ಸಾಲಾಗಿ ನಿಂತು, ಕೆಳಗಿನಿಂದ ಫೋಟೋ ತೆಗೆದರೆ ಹೇಗಿರುತ್ತದೆ ಎಂದೆ. ಗಂಡಿನ ಸೋದರತ್ತೆಗೆ ಅದು ಬಹಳ ಹಿಡಿಸಿತು. ನಾನು ನೋಡುತ್ತಿದ್ದಂತೆ ಮೂವತ್ತು ಜನ ಮಹಡಿ ಹತ್ತಿದರು. ಮದುಮಕ್ಕಳಿಗೆ ಎರಡು ಕುರ್ಚಿ, ಕಾಲಡಿಗೆ ಜಮಖಾನವೂ ಹೋಯಿತು.

"ಪಟ್ಟಿಯಲ್ಲಿ ಬಾಲ್ಕನಿ ಇಲ್ಲ" ಎಂದರು ಗುರುಶಾಂತಪ್ಪ.

"ಇಪ್ಪತ್ತೇಳನೇದು ಬಿಟ್ಬಿಡಿ. 'ವಧುವಿನ ತಂಗಿ' ಅಂತಿದೆಯಲ್ಲ, ನಂದೇ. ಅದರ ಬದಲು ಇದು" ಎಂದೆ. ಈ ಉತ್ತರವನ್ನು ನಾನು ಮೊದಲೇ ಯೋಚಿಸಿಟ್ಟಿದ್ದೆ.

ಅವರು ಪಟ್ಟಿಯ ಮೇಲೆ ಬೆರಳಿಟ್ಟು ಇಪ್ಪತ್ತೇಳನೇದನ್ನು ಹುಡುಕಿದರು. "ನಿಮ್ಮನ್ನೇ ತೆಗೆದುಹಾಕ್ಕೊಂಡ್ರಾ? ಇದುವರೆಗೂ ಯಾರೂ ಹೀಗೆ ಮಾಡಿಲ್ಲ. ಆಯ್ತು ಹೋಗಿ, ಸಹಿ ಆಮೇಲೆ ನೋಡೋಣ."

ಗೆದ್ದ ಖುಷಿಯಲ್ಲಿ ನಾನೂ ಮೇಲೆ ಓಡಿ ಕೊನೆಯಲ್ಲಿ ನಿಂತೆ. ಅವರು ಅಂಗಳದಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಊರಿ, ಕ್ಯಾಮೆರಾದೊಳಗೆ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಎದ್ದಾಗ ಮುಖ ಬೇರೆಯಾಗಿತ್ತು, ದನಿ ಮಾತ್ರ ದಿನದ ದನಿಯೇ.

"ಊಹೂಂ. ಸಹಿ ಇಲ್ದೆ ನಾನು ತೆಗೆಯಲ್ಲ."

ಮೇಲೆ ಎಲ್ಲರೂ ಗೊಳ್ಳೆಂದರು. ನನಗೆ ಮೈ ಉರಿಯಿತು.

"ಇವತ್ತು ಇಬ್ಬರದಲ್ಲ, ಎಲ್ಲರದೂ ಸಹಿ ಬೇಕು. ನಾನು ಹೆಸರು ಕೂಗ್ತೀನಿ, ಒಬ್ಬೊಬ್ರೇ ಬನ್ನಿ. ಗೋಡೆ ಪಕ್ಕದಲ್ಲೇ ನಡ್ಕೊಂಡು ಬನ್ನಿ, ಮಧ್ಯ ಬಂದ್ರೆ ನೆರಳು ಬೀಳುತ್ತೆ. ಓಡಿದ್ರೆ ಸೀರೆ ನೆರಿಗೆ ಕೆಡುತ್ತೆ, ಫೋಟೋ ಕೆಡುತ್ತೆ." ಹಾಗೇ ತಿರುಗಿ, ಬಾಲ್ಕನಿಯ ಕೆಳಗೆ ಕೂತಿದ್ದ ವಾಲಗದವರಿಗೆ, "ನೀವು ಚಿತ್ರದಲ್ಲಿ ಬರ್ತೀರಿ, ಬಾಗಿಲ ಹತ್ರ ಹೋಗಿ" ಎಂದರು.

ಮೊದಲು ಕೂಗಿದ್ದು ವರನ ದೊಡ್ಡಪ್ಪ ರುದ್ರಪ್ಪನವರನ್ನು. ಅವರು ಮಹಡಿಯ ಮೆಟ್ಟಿಲಿಳಿಯುವಾಗ ಮೆಟ್ಟಿಲೇ ಉಸಿರು ಬಿಡುತ್ತಿತ್ತು. ಆಮೇಲೆ ನಮ್ಮ ದೊಡ್ಡಮ್ಮ. ಆಮೇಲೆ ವರನ ಸೋದರತ್ತೆ, ಅವರ ಯಜಮಾನರು. ಹೆಣ್ಣಿನ ಕಡೆ, ಗಂಡಿನ ಕಡೆ, ಹಿರಿಯರು, ಕಿರಿಯರು ಎಂಬ ಯಾವ ಲೆಕ್ಕವೂ ಆ ಕರೆಯಲ್ಲಿರಲಿಲ್ಲ. ಮದುಮಕ್ಕಳ ಸರದಿ ಎಲ್ಲೋ ಮಧ್ಯದಲ್ಲಿ ಬಂತು. ಸಹಿ ಹಾಕಿದವರನ್ನು, ಎಲ್ಲರದೂ ಆಗಲಿ ಎಂದು ಬಾಗಿಲ ಹತ್ತಿರವೇ ನಿಲ್ಲಿಸಿಕೊಂಡರು. ವರನ ಅಜ್ಜ, ಕಡ್ಡಿಯಂಥ ಮುದುಕರು, ಮೇಲಿನಿಂದಲೇ ಕೋಲು ಕುಟ್ಟಿದರು.

"ಏನಯ್ಯಾ, ನಾನು ಈ ಮನೆತನಕ್ಕೆ ಹಿರಿಯ. ನನ್ನನ್ನ ಬಿಟ್ಟು ಇಲ್ಲಿ ಕಂಡಕಂಡೋರೆಲ್ಲ ಇಳಿದು ಹೋದ್ರು."

"ಕೋಲು ಕುಟ್ಬೇಡಿ ಅಜ್ಜಾ," ಎಂದರು ಗುರುಶಾಂತಪ್ಪ, ಬಹಳ ಮೆತ್ತಗೆ. "ಆಫೀಸಿನಲ್ಲಿ ದೊಡ್ಡ ಸಾಹೇಬ್ರ ಸಹಿ ಯಾವಾಗ್ಲೂ ಕೊನೇಲೇ ಅಲ್ವಾ?"

ಅಜ್ಜ ಕೋಲನ್ನು ಕಂಕುಳಿಗೆ ಸೇರಿಸಿ ಮೀಸೆ ನೀವಿಕೊಂಡರು. ಅವರೂ ಇಳಿದ ಮೇಲೆ ಉಳಿದದ್ದು ನಾನೊಬ್ಬಳೇ.

ನಾನು ಇಳಿಯಲಿಲ್ಲ. ಕೈಕಟ್ಟಿ ಬಾಲ್ಕನಿಯ ನಟ್ಟನಡುವೆ ಬಂದು ನಿಂತೆ. "ನಾನು ಬರಲ್ಲ. ಎಲ್ಲರನ್ನೂ ಇಳಿಸಿದ್ರಲ್ಲ, ಈಗ ಖಾಲಿ ಕುರ್ಚಿ ಫೋಟೋ ತೆಗೀರಿ" ಎಂದೆ. ಕೆಳಗಿನವರು ನಕ್ಕರು.

ಗುರುಶಾಂತಪ್ಪ ನಗಲಿಲ್ಲ. "ನಲವತ್ತೆರಡು ಕೆಜಿ," ಎಂದರು. "ಬಾ ತಾಯಿ. ಗೋಡೆ ಹಿಡ್ಕೊಂಡು ಬಾ."

ಅದುವರೆಗೂ ಅವರು ನನ್ನನ್ನು ಬನ್ನಿ ಎಂದೇ ಕರೆದಿದ್ದರು. ಆ ಬಾ ಎಂಬುದು ಕಿವಿಗೆ ಬಿದ್ದಾಗ ಅವರ ಕೈ ಕಾಣಿಸಿತು. ಲಗ್ನಪತ್ರಿಕೆ, ಪೆನ್ನು ಎರಡನ್ನೂ ಬಿಟ್ಟು ನನ್ನ ಕಡೆ ಚಾಚಿತ್ತು. ನಾನು ಗೋಡೆ ಮುಟ್ಟಿದೆ. ಏಳು ಹೆಜ್ಜೆ. ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟಿದ್ದೆ, ಇನ್ನೊಂದು ಕಾಲು ಬಾಲ್ಕನಿಯ ಹಲಗೆಯ ಮೇಲೇ ಇತ್ತು. ಆ ಹಲಗೆ ಕಾಲಡಿಯಲ್ಲಿ ಹಗುರವಾಗಿ ಸರಿದದ್ದು ನೆನಪಿದೆ, ಯಾರೋ ಕೆಳಗಿನಿಂದ ಎಳೆದುಕೊಂಡ ಹಾಗೆ. ಹಿಂತಿರುಗಿ ನೋಡಿದಾಗ ಕುರ್ಚಿಗಳಿರಲಿಲ್ಲ, ಜಮಖಾನ ಇರಲಿಲ್ಲ. ನಾನು ಕೈಕಟ್ಟಿ ನಿಂತಿದ್ದ ಜಾಗವೂ ಇರಲಿಲ್ಲ.

ಸದ್ದು ಕೇಳಿದ ವಾಲಗದವರು, ಅದೇನೆಂದು ನೋಡುವ ಮೊದಲೇ, ಅಭ್ಯಾಸಬಲದಿಂದ ಗಟ್ಟಿಮೇಳ ಬಾರಿಸಿಬಿಟ್ಟರು. ಅಂಗಳದ ತುಂಬ ಧೂಳು, ಅದರೊಳಗಿಂದ ಗಟ್ಟಿಮೇಳ. ಯಾರೋ ಒಬ್ಬರು ಕೈಯಲ್ಲಿ ಉಳಿದಿದ್ದ ಅಕ್ಷತೆಯನ್ನೂ ಎಸೆದರು.

ಎರಡು ದಿನ ಬಿಟ್ಟು ಸ್ಟುಡಿಯೋಗೆ ಹೋದೆ. ಅವರು ಕಾಫಿ ತರಿಸಿ ಹೇಳಿದರು. ಕ್ಯಾಮೆರಾದಲ್ಲಿ ಬಗ್ಗಿ ನೋಡುವ ಗಾಜಿನ ಮೇಲೆ ನೇರ ಗೆರೆಗಳಿರುತ್ತವೆ. ಬಾಲ್ಕನಿಯ ಕಟಕಟೆಯನ್ನು ಒಂದು ಗೆರೆಗೆ ಸರಿಯಾಗಿ ಹೊಂದಿಸಿದ್ದರು. ನೋಡುತ್ತಿದ್ದಂತೆ ನಡುಭಾಗ ಗೆರೆಯಿಂದ ಕೆಳಗಿಳಿಯಿತು. ತೊಲೆಯ ಬುಡದಿಂದ ಜರಡಿ ಹಿಡಿದ ಹಾಗೆ ಮರದ ಪುಡಿ ಉದುರುತ್ತಿತ್ತು. ಒಳಗೆಲ್ಲ ಗೆದ್ದಲು.

"ಕೂಗ್ಬೋದಿತ್ತಲ್ಲ?" ಎಂದೆ.

"ಕೂಗಿದ್ರೆ ಮೂವತ್ತು ಜನಾನೂ ಒಂದೇ ಸಲ ಮೆಟ್ಲಿಗೆ ನುಗ್ತಿದ್ರು. ನಮ್ಮ ಮಂಡಿಯ ಅಟ್ಟ ಒಂದ್ಸಲ ಹಿಂಗೇ ಬಾಗಿತ್ತು. ಅಪ್ಪ ಸದ್ದು ಮಾಡ್ದೆ ಖಾಲಿ ಮಾಡಿಸಿದ್ರು. ಭಾರದ ಮೂಟೆ ಮೊದಲು, ಒಂದೊಂದೇ, ಗೋಡೆ ಪಕ್ಕದಲ್ಲಿ. ನಿಮ್ಮವರು ಇಳೀರಿ ಅಂದ್ರೆ ಇಳಿಯೋರಲ್ಲ, ಯಾಕೆ ಅಂತ ಅಲ್ಲೇ ನಿಂತು ಕೇಳ್ತಾರೆ. ಸಹಿ ಅಂದ್ರೆ ಮಾತ್ರ, ಈ ಮುದುಕನ ಹುಚ್ಚು ಅಂತ ಬಂದು ಹಾಕಿ ಹೋಗ್ತಾರೆ."

ರುದ್ರಪ್ಪನವರು ಮಾತ್ರ ಕೊನೆಯವರೆಗೂ, ಮೂವತ್ತು ಜನರಲ್ಲಿ ತಮ್ಮನ್ನೇ ಮೊದಲು ಕರೆದರು, ಗೌರವ ಎಂದರೆ ಅದು, ಎಂದು ಎಲ್ಲರಿಗೂ ಹೇಳುತ್ತಿದ್ದರು. ನಾವು ಯಾರೂ ತಿದ್ದಲಿಲ್ಲ.

ನನ್ನ ಮನಸ್ಸು ಮಾತ್ರ ಆ ಬಾಲ್ಕನಿಯಿಂದ ಇಳಿಯಲಿಲ್ಲ. ವರ್ಷಗಳ ನಂತರವೂ ಯಾರ ಮನೆಯ ಬಾಲ್ಕನಿಗೆ ಕರೆದರೂ ಗೋಡೆ ಹಿಡಿದೇ ನಿಲ್ಲುತ್ತಿದ್ದೆ. ಮದುವೆಗಳಲ್ಲಿ ಜನ ಗುಂಪಾಗಿ ವೇದಿಕೆ ಹತ್ತಿದರೆ ಎಣಿಸಲು ಶುರುಮಾಡುತ್ತಿದ್ದೆ. ಪಾತ್ರೆ ತೊಳೆಯುವಾಗ, ಪಾಠ ಹೇಳುವಾಗ, ಕಾಲಡಿಯ ಹಲಗೆ ಸರಿಯುತ್ತಿತ್ತು.

ಸ್ಟುಡಿಯೋ ಮುಚ್ಚುತ್ತಾರಂತೆ ಎಂದು ಕೇಳಿ ಅವರನ್ನು ನೋಡಲು ಹೋದದ್ದು ಎಂಟು ವರ್ಷದ ಮೇಲೆ. ಊರಿಗೆಲ್ಲ ಬಣ್ಣದ ಫೋಟೋ ಬಂದಿತ್ತು, ಮೂವತ್ತಾರರ ರೋಲು ಬಂದಿತ್ತು, ಅವರ ಕಣ್ಣಿಗೆ ಪೊರೆ ಬಂದಿತ್ತು. ಆದರೂ ತಲೆ ಎಡಕ್ಕೆ ವಾಲಿತು.

"ಐವತ್ತೊಂಬತ್ತು. ಪರವಾಗಿಲ್ಲ, ಲೆಕ್ಚರರ್ ಆದ್ಮೇಲೆ ತೂಕ ಬಂದಿದೆ."

ಬಾಲ್ಕನಿಯ ಮಾತನ್ನು ನಾನೇ ತೆಗೆದೆ. ಇನ್ನೂ ಗೋಡೆ ಹಿಡಿದೇ ನಿಲ್ಲುತ್ತೇನೆ ಎಂದೆ. ಆ ಬದಲಾವಣೆ ಕೇಳಿದ್ದು ನಾನೇ ಅಲ್ಲವೇ ಎಂದೆ. ಬೇರೆ ಯಾರ ಮುಂದೆಯೂ ಆಡದ ಮಾತು ಅದು. ಅವರು ಎದ್ದು, ಬೀರುವಿನಲ್ಲಿ ಬಹಳ ಹೊತ್ತು ತಡಕಾಡಿ, ಅಕ್ಕನ ಲಗ್ನಪತ್ರಿಕೆ ತಂದರು. ಮೂಲೆಗಳ ಅರಿಶಿನ ಮಾಸಿತ್ತು. ಬೆನ್ನಿನ ಮೇಲೆ ರುದ್ರಪ್ಪನವರಿಂದ ಅಜ್ಜನವರೆಗೆ ಸಹಿಗಳು. ಕಟ್ಟಕಡೆಗೆ 'ವಧುವಿನ ತಂಗಿ, ಸರೋಜ' ಎಂದು ಅವರ ಕೈಬರಹ. ಅದರ ಮುಂದೆ ಖಾಲಿ.

"ಅವತ್ತು ನೀವೊಬ್ರೇ ಹಾಕ್ಲಿಲ್ಲ. ಧೂಳಲ್ಲಿ ನಾನೂ ಮರೆತೆ," ಎಂದು ಜೇಬಿನಿಂದ ಪೆನ್ನು ತೆಗೆದುಕೊಟ್ಟರು. "ಹಾಕಿ. ಎಂಟು ವರ್ಷದಿಂದ ಅಲ್ಲೇ ನಿಂತಿದೀರಿ."

ನಾನು ಸಹಿ ಹಾಕಿದೆ. ಕೆಳಗೆ ಅಕ್ಕನ ಮದುವೆಯ ತಾರೀಖು ಬರೆಯಲು ಹೋದೆ. ಪೊರೆ ಬಂದ ಕಣ್ಣಿಗೆ ಅದು ಹೇಗೆ ಕಂಡಿತೋ, ಕೈ ಹಿಡಿದು ತಡೆದರು.

"ಇವತ್ತಿಂದು ಹಾಕಿ. ನೀವು ಇಳಿದಿದ್ದು ಇವತ್ತು. ನನ್ನ ಪಟ್ಟಿಯಲ್ಲಿ ಸುಳ್ಳು ಇರಬಾರ್ದು."

ಮುಂದಿನ ತಿಂಗಳು ಆ ದಾರಿಯಲ್ಲಿ ಹೋದಾಗ ಬಾಗಿಲಿಗೆ ಬೀಗ ಇತ್ತು. ಅವರು ತೀರಿಹೋಗಿ ಹದಿನೈದು ದಿನವಾಯಿತು ಎಂದು ಪಕ್ಕದ ಅಂಗಡಿಯವರು ಹೇಳಿದರು. ಆ ಅಂಗಡಿಯ ಜಗಲಿ ಎತ್ತರದ್ದು. ನಾನು ಅದರ ಅಂಚಿನಲ್ಲೇ ನಿಂತು ಕೇಳಿಸಿಕೊಂಡೆ. ಗೋಡೆ ಹಿಡಿದಿರಲಿಲ್ಲ ಎಂಬುದು ಬಸ್ ಸ್ಟಾಪಿಗೆ ಬಂದ ಮೇಲೆ ಗೊತ್ತಾಯಿತು.