ನೀರು ತಾಗಿದ ಚರ್ಮ

ನೀರಿನಿಂದ ಶುದ್ಧವಾಗದ ವಸ್ತು ಲೋಕದಲ್ಲಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಪಾಪ, ಆ ಹಿರಿಯರಲ್ಲಿ ಯಾರೂ ವಿಮಾನಕ್ಕೆ ಪೆಟ್ರೋಲು ತುಂಬಿದವರಲ್ಲ. ನಾನು ತುಂಬಿದವನು. ಶುದ್ಧ ಮಾಡಹೋಗಿ ಒಂದು ವಿಮಾನ ಕೆಡವಿದೆ. ಆ ತಪ್ಪನ್ನು ಸೋಮ್ಲ ನಾಯ್ಕನ ತಲೆಗೆ ಕಟ್ಟಿದೆ — ಕಟ್ಟಲಿಲ್ಲ, ಬೇರೆಯವರು ಕಟ್ಟುವಾಗ ಸುಮ್ಮನಿದ್ದೆ — ಇಲ್ಲ, ಕಟ್ಟಿದೆ.

ಯುದ್ಧದ ಕಾಲ. ದಾರಿಯಲ್ಲಿ ಪೆಟ್ರೋಲು ಸಾಲದಾದ ವಿಮಾನಗಳು ಇಳಿಯಲೆಂದು ಜಗಳೂರಿನ ಹೊರಗಿನ ಬಯಲನ್ನು ಮಟ್ಟ ಮಾಡಿದ್ದರು. ನಾನು ನ್ಯಾಮತಿಯ ಜಂಗಮರ ಮನೆಯವನು. ಹೊನ್ನಾಳಿಯಲ್ಲಿ ಬಸ್ಸು ರಿಪೇರಿ ಕಲಿತಿದ್ದೆ, ಇಂಗ್ಲಿಷೂ ಒಂದಿಷ್ಟು ಬರುತ್ತಿತ್ತು. ಸೋಮ್ಲ ಸೂರಗೊಂಡನಕೊಪ್ಪದ ಕಡೆಯ ಲಂಬಾಣಿ ತಾಂಡಾದವನು, ಚನ್ನಗಿರಿಯ ಬಸ್ಸಿನಲ್ಲಿ ಕ್ಲೀನರ್ ಆಗಿದ್ದವನು. ಸಾಮ್ರಾಜ್ಯದ ರಕ್ಷಣೆಯ ಭಾರ ಹೀಗೆ ನಮ್ಮಿಬ್ಬರ ಮೇಲೆ ಬಿತ್ತು.

ಕೆಲಸ ಸರಳ. ಡ್ರಮ್ಮಿನ ಪೆಟ್ರೋಲನ್ನು ರೆಕ್ಕೆಯೊಳಗಿನ ಟ್ಯಾಂಕಿಗೆ ಸುರಿಯಬೇಕು. ಸುರಿಯುವಾಗ ಆಲಿಕೆಯ ಬಾಯಿಗೆ ಒಂದು ಮೆತ್ತನೆಯ ಚರ್ಮ ಹಾಸಬೇಕು. ಮೊದಲು ಪೆಟ್ರೋಲಿನಲ್ಲಿ ನೆನೆಸಿದರೆ ಆ ಚರ್ಮ ಪೆಟ್ರೋಲನ್ನು ಮಾತ್ರ ಬಿಡುತ್ತದೆ, ನೀರನ್ನು ಮೇಲೆಯೇ ತಡೆಯುತ್ತದೆ. ಮೊದಲು ನೀರಲ್ಲಿ ನೆಂದರೆ ನೀರಿಗೇ ದಾರಿ ಕೊಡುತ್ತದೆ. 'ಇದಕ್ಕೆ ನೀರು ತೋರಿಸಬೇಡಿ' ಎಂದು ನಮಗೆ ಕಲಿಸಿದವರು ಸಾರಿ ಸಾರಿ ಹೇಳಿದ್ದರು. ಸುರಿಯುವುದು, ಸೋಸುವುದು ನನ್ನ ಪಾಲು. ಅಕಸ್ಮಾತ್ ನೀರು ಇಳಿದಿದ್ದರೆ ಅದು ಭಾರವಾದದ್ದು, ಟ್ಯಾಂಕಿನ ತಳಕ್ಕೆ ಕೂರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ತಳದ ಪುಟ್ಟ ನಲ್ಲಿ ತಿರುಗಿಸಿ ಸೀಸೆಯಲ್ಲಿ ಹಿಡಿದು ನೋಡುವುದು ಸೋಮ್ಲನ ಪಾಲು.

ನಾನು ಚರ್ಮವನ್ನು ದಿನಾ ಬೆಳಿಗ್ಗೆ ನೀರಲ್ಲಿ ತೊಳೆಯುತ್ತಿದ್ದೆ. ಗುಡಾರದ ಹಿಂದೆ, ಯಾರೂ ಕಾಣದಂತೆ. ಕೊರಳಲ್ಲಿ ಲಿಂಗ, ಕೈಯಲ್ಲಿ ಸತ್ತ ಕುರಿಯ ತೊಗಲು — ಹೇಗೆ ಮುಟ್ಟುವುದು? ಇಷ್ಟು ಹೇಳಿದರೆ ನೀವು ನಕ್ಕು ಕ್ಷಮಿಸುತ್ತೀರಿ. ಆದರೆ ಅದಷ್ಟೇ ಅಲ್ಲ. ಸಂಜೆ ಆ ಚರ್ಮವನ್ನು ಮಡಚಿ ಎತ್ತಿಡುತ್ತಿದ್ದವನು ಸೋಮ್ಲ. ನಾನು ತೊಳೆಯುತ್ತಿದ್ದದ್ದು — ಅವನ ಕೈಯನ್ನು. ಅವನ ಗಡಿಗೆಯ ನೀರನ್ನೂ ನಾನು ಒಂದು ದಿನವೂ ಕುಡಿದವನಲ್ಲ. 'ಬಾಯಾರಿಕೆ ಇಲ್ಲಪ್ಪ' ಎನ್ನುತ್ತಿದ್ದೆ, ಜಗಳೂರಿನ ಬೇಸಿಗೆಯಲ್ಲಿ!

ಬೇಸಿಗೆಯುದ್ದಕ್ಕೂ ನನ್ನ ಮಡಿ ಯಾರನ್ನೂ ಕೊಲ್ಲಲಿಲ್ಲ. ತೊಳೆದ ಚರ್ಮ ಬಿಸಿಲಿಗೆ ಕ್ಷಣದಲ್ಲಿ ಒಣಗುತ್ತಿತ್ತು, ಡ್ರಮ್ಮಿನಲ್ಲೂ ನೀರಿರಲಿಲ್ಲ. ಆಮೇಲೆ ಮೊದಲ ಮಳೆ ಬಂತು. ಬಯಲಲ್ಲಿ ನಿಂತ ಡ್ರಮ್ಮುಗಳ ಮುಚ್ಚಳದ ಸಂದಿಯಲ್ಲಿ ನೀರಿಳಿಯಿತು. ಮರುದಿನ ಮೋಡ, ಚರ್ಮ ಒಣಗಲಿಲ್ಲ. ಆ ಹೊತ್ತಿಗೇ ಒಂದು ವಿಮಾನ ಇಳಿಯಿತು. ಹಸಿ ಚರ್ಮವನ್ನೇ ಹಾಸಿದೆ. ಪೆಟ್ರೋಲು ಎಂದಿನಂತೆ ಸರಾಗವಾಗಿ ಇಳಿಯಲಿಲ್ಲ, ಅಲುಗಾಡಿಸಿ ಇಳಿಸಿದೆ. ಆಗಲೇ ನನಗೆ ಗೊತ್ತಾಗಬೇಕಿತ್ತು — ಗೊತ್ತಾಗಿತ್ತು.

ಪೈಲಟ್ ದೊರೆ ಅವಸರ ಮಾಡಿದ. ಸೋಮ್ಲ ಸೀಸೆ ಹಿಡಿದು ರೆಕ್ಕೆಯ ಕೆಳಗೆ ಕೂತಿದ್ದ.

"ತಡೀರಿ ಅಯ್ನೋರೆ, ಇನ್ನೊಂದೀಟು ಹೊತ್ತು. ಮಳೆ ಬಂದೈತೆ, ನೀರಿದ್ರೆ ಕೆಳಗೆ ಇಳೀಲಿ."

"ಸೋಸಿದೋನು ನಾನು ಕಣೋ. ನನ್ನ ಕೈ ದಾಟಿ ನೀರು ಬರಾಕೆ ಹೆಂಗೆ ಸಾಧ್ಯ? ಏಳು."

ಅವನು ನಕ್ಕ. "ಹಂಗಾರೆ ಇದು ಪೆಟ್ರೋಲಲ್ಲ ಬಿಡ್ರಿ, ತೀರ್ಥ." ನಲ್ಲಿಯ ಮೇಲಿಂದ ಕೈ ತೆಗೆದ.

ಓಡುವಷ್ಟು ದೂರ ವಿಮಾನ ಚೆನ್ನಾಗಿಯೇ ಓಡಿತು. ಕೊಳವೆಯಲ್ಲಿ ಮೊದಲೇ ಇದ್ದದ್ದು ಒಳ್ಳೆಯ ಪೆಟ್ರೋಲು. ಮೂತಿ ಮೇಲೆತ್ತಿತು. ತಳದ ನೀರು ಜಾರಿ ಕೊಳವೆಯ ಬಾಯಿಗೆ ಬಂದಿರಬೇಕು. ಇಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಆ ಮೌನ — ನನಗೆ ಇವತ್ತಿಗೂ ನಿದ್ದೆ ಹತ್ತುವ ಮುಂಚೆ ಕೇಳಿಸುತ್ತದೆ. ಆಚೆಯ ಜೋಳದ ಹೊಲದಲ್ಲಿ ಬಿತ್ತು. ದೊರೆಯ ಕಾಲು ಮುರಿಯಿತು, ಜೀವ ಉಳಿಯಿತು.

ವಿಚಾರಣೆಗೆ ಬಂದ ಅಧಿಕಾರಿ ಇಂಜಿನ್ನಿನ ಪಕ್ಕದ ಸೋಸುಬಟ್ಟಲನ್ನು ಬಿಚ್ಚಿಸಿದ. ತುಂಬ ನೀರು. ನನ್ನನ್ನು ಕೇಳಿದ: ಚರ್ಮಕ್ಕೆ ನೀರು ತಾಗಿತ್ತೇ?

ಹೌದೆಂದರೆ ಏಕೆಂದು ಕೇಳುತ್ತಿದ್ದ. ಸೋಮ್ಲ ಪಕ್ಕದಲ್ಲೇ ನಿಂತಿದ್ದ. 'ಇವನು ಮುಟ್ಟಿದ್ದಕ್ಕೆ' ಎಂದು ಅವನ ಎದುರಿಗೆ ಹೇಗೆ — ಅಲ್ಲ, ಇದೂ ನೆಪವೇ. ಹೆದರಿದ್ದೆ.

"ಇಲ್ಲ" ಎಂದೆ.

ಸೋಮ್ಲನೂ ಕೈ ಮುಗಿದು ಹೇಳಿದ: "ಅಯ್ನೋರು ತಪ್ಪು ಮಾಡೋರಲ್ಲ ಸಾಹೇಬ್ರೆ. ಅವರು ಸೋಸಿದ್ದು ನಾನೇ ಕಣ್ಣಾರೆ ನೋಡೀನಿ." ಆ ಮಾತನ್ನು ಅಧಿಕಾರಿಗೆ ಇಂಗ್ಲಿಷಿನಲ್ಲಿ ಹೇಳಿದವನೂ ನಾನೇ. ಒಂದಕ್ಷರ ಬಿಡದೆ ಹೇಳಿದೆ. ಆ ಒಂದು ವಿಷಯದಲ್ಲಿ ನಾನು ಪರಮ ಪ್ರಾಮಾಣಿಕ.

ಆ ಮಾತೇ ಅವನನ್ನು ಮುಳುಗಿಸಿತು. ಸೋಸಿದ್ದು ಸರಿಯಾಗಿದ್ದರೆ ನೀರು ಆಮೇಲೆ ಬಿದ್ದಿರಬೇಕು. ಆಮೇಲೆ ಟ್ಯಾಂಕಿನ ಬಳಿ ಇದ್ದವನು ಸೋಮ್ಲ. ತಾಂಡಾದವನೆಂದರೆ ಹುಟ್ಟುಗಳ್ಳನೆಂದೇ ಪೊಲೀಸರ ಲೆಕ್ಕ. ನಲ್ಲಿಯಲ್ಲಿ ಪೆಟ್ರೋಲು ಕದ್ದು ಅಷ್ಟೇ ನೀರು ತುಂಬಿದ್ದಾನೆ ಎಂದರು. ಬೇಡಿ ತೊಡಿಸುವಾಗ ಅವನು ನನ್ನ ಮುಖವನ್ನೇ ನೋಡುತ್ತಿದ್ದ — ನಾನು ಏನಾದರೂ ಹೇಳಿಯೇನೆಂದು. ನಾನು ಮೋಡ ನೋಡುತ್ತಿದ್ದೆ.

ಜೈಲಿನಲ್ಲಿ ಜ್ವರ ಬಂದು ಸತ್ತ. ಅವನ ಹೆಂಡತಿ ಗಂಗಿಬಾಯಿ ನ್ಯಾಮತಿಗೆ ನಡೆದು ಬಂದು ನಮ್ಮ ಅಂಗಳದ ಹೊರಗೇ ನಿಂತು ಕೇಳಿದಳು: "ನೀವು ಜತೆಗಿದ್ದೋರು, ಖರೇ ಹೇಳ್ರಿ ಅಯ್ನೋರೆ. ನನ್ನ ಗಂಡ ಕದ್ದನೇನ್ರಿ?"

"ನನಗೇನು ಗೊತ್ತಮ್ಮ" ಎಂದೆ. ಅವಳು ಹೋದ ಮೇಲೆ — ಬರೆಯಲು ಕೈ ಬರುವುದಿಲ್ಲ — ನನ್ನ ಮನೆಯವಳು ಆಕೆ ನಿಂತಿದ್ದ ಜಾಗಕ್ಕೆ ನೀರು ಹಾಕಿದಳು. ನಾನು ಬೇಡ ಎನ್ನಲಿಲ್ಲ.

ಯುದ್ಧ ಮುಗಿಯಿತು, ದೊರೆಗಳು ಹಡಗು ಹತ್ತಿದರು; ನನ್ನೊಳಗಿನದು ಮಾತ್ರ ಹೊರಡಲಿಲ್ಲ. ನಿನ್ನೆ ತಾಂಡಾಕ್ಕೆ ಹೋದೆ. ಹಿರಿಯರನ್ನೆಲ್ಲ ಕೂಡಿಸಿ, ಗಂಗಿಬಾಯಿಯ ಎದುರಿಗೆ, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಯಾರ ಕೈ ತೊಳೆಯುತ್ತಿದ್ದೆ ಎಂಬುದನ್ನೂ ಹೇಳಿದೆ. ಯಾರೂ ಬೈಯಲಿಲ್ಲ. ಅವರ ಗಡಿಗೆಯಿಂದ ಕುಡಿಯಲು ನೀರು ಕೇಳಿದೆ.

ಗಂಗಿಬಾಯಿ ಕೊಡಲಿಲ್ಲ.