ಡಾಕ್ಟರಿಗೆ ಹೇಳಬಾರದ ಮದ್ದು

ಹೋದ ಸೋಮವಾರ ವಾಡಿ ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮಿನಲ್ಲಿ ಕೂತು ನನ್ನ ಅಕ್ಕನ ಎದೆಗೆ ಮೆತ್ತಿದ್ದ ಮಣ್ಣನ್ನು ತೊಳೆದೆ. ಎದೆ ಎಂದೆನಲ್ಲ, ಎದೆ ಇದ್ದ ಜಾಗ. ಎಡಗಡೆಯದನ್ನು ಹೈದರಾಬಾದಿನ ದವಾಖಾನೆಯಲ್ಲಿ ಚಳಿಗಾಲದಲ್ಲೇ ಕೊಯ್ದು ತೆಗೆದಿದ್ದಾರೆ.

(ಹೆಂಗಸಾಗಿ ಪತ್ರಿಕೆಯಲ್ಲಿ ಇಂಥದ್ದನ್ನೆಲ್ಲ ಬರೆಯುವುದೇ ಎಂದು ಹುಬ್ಬೇರಿಸುವವರು ದಯವಿಟ್ಟು ಪುಟ ತಿರುವಿ. ಅಲ್ಲಿ ಹತ್ತಿಯ ಧಾರಣೆ ಹಾಕಿದ್ದಾರೆ.)

ನಾನು ಶಹಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಎಂಬುದು ನಿಮಗೆ ಗೊತ್ತು. ಅಕ್ಕ ನೀಲಮ್ಮನ ಸಂಸಾರ ಸುರಪುರದಲ್ಲಿ. ಅವಳಿಗೆ ಕ್ಯಾನ್ಸರ್. ನಮ್ಮ ಕಡೆ ಆ ಹೆಸರನ್ನು ಯಾರೂ ನಾಲಿಗೆಯ ಮೇಲೆ ತರುವುದಿಲ್ಲ, 'ಆ ಬ್ಯಾನಿ' ಎಂದು ಮೆಲ್ಲಗೆ ಅನ್ನುತ್ತಾರೆ. ಆಪರೇಷನ್ ಆದಮೇಲೆ ಕಿರಣದ ಮಷಿನ್ನಿನ ಕೆಳಗೆ ಮಲಗಿಸುವ ಚಿಕಿತ್ಸೆ ಶುರುವಾಯಿತು. ಒಂದು ಸುತ್ತು ಮುಗಿಸಿ, "ಮನೆಗೆ ಹೋಗಿ ಚೆನ್ನಾಗಿ ಉಣ್ಣಿ, ಸುಟ್ಟ ಚರ್ಮಕ್ಕೆ ಏನೂ ಹಚ್ಚಬೇಡಿ, ಆರು ವಾರ ಬಿಟ್ಟು ಎರಡನೇ ಸುತ್ತಿಗೆ ಬನ್ನಿ" ಎಂದು ಕಳಿಸಿದ್ದರು. ಎರಡನೇ ಸುತ್ತು ತಪ್ಪಿದರೆ ರೋಗ ಮತ್ತೆ ತಲೆ ಎತ್ತಬಹುದು ಎಂದೂ ಹೇಳಿದ್ದರು. ನಾನು ನಮ್ಮ ಸರ್ಕಾರಕ್ಕೆ ಬೇಕಾದ ಉರ್ದುವಿನಲ್ಲಿ ರಜೆ ಅರ್ಜಿ ಬರೆದುಕೊಟ್ಟು ಅಕ್ಕನನ್ನು ಕರೆದುಕೊಂಡು ಹೊರಟದ್ದು ಅದಕ್ಕೇ.

ಯಾದಗಿರಿಯಲ್ಲಿ ರೈಲು ಹತ್ತುವಾಗಲೇ ಅನುಮಾನ ಬಂದಿತ್ತು. ಅಕ್ಕ ಸೆರಗನ್ನು ಬಿಗಿಯಾಗಿ ಹೊದ್ದಿದ್ದಳು. ಕೈ ಹಿಡಿದು ಎತ್ತಿದರೆ ಮೈಯಲ್ಲಿ ತೂಕವೇ ಇಲ್ಲ. ವಾಡಿಯಲ್ಲಿ ಗಾಡಿ ಬದಲಿಸಲು ಇಳಿದಾಗ ಸೆರಗು ಸರಿಸಿಯೇ ಬಿಟ್ಟೆ.

"ಏನಕ್ಕಾ ಇದು?"

"ಮಣ್ಣವ. ಯಾದಗಿರಿ ಪಂಡಿತರು ಹಚ್ಚಾಕ ಹೇಳ್ಯಾರ. ಮಷಿನ್ ಸುಟ್ಟ ಇಸಾ ಎಲ್ಲಾ ಹೀರ್ಕೊಂತದಂತ."

"ಮತ್ತ ಊಟಾ?"

"ಊಟಾ ಎಲ್ಲಿದವ. ಲಿಂಬಿಹಣ್ಣಿನ ನೀರು, ಹಾಗಲಕಾಯಿ ರಸ. ನಾವು ಉಂಡ್ರ ಬ್ಯಾನಿನೂ ಉಣ್ತದಂತ. ನಾವು ಉಪಾಸ ಇದ್ರ ಅದೂ ಉಪಾಸ ಬಿದ್ದು ಸಾಯ್ತದಂತ. ಮತ್ತ ಈ ಪುಡಿ, ದಿನಾ ಮೂರು ಸಲ."

ಪುಡಿಯ ಡಬ್ಬಿ ನೋಡಿದೆ. ಮೇಲೆ ಇಂಗ್ಲಿಷಿನಲ್ಲಿ ಟಾನಿಕ್ ಎಂದು ದೊಡ್ಡದಾಗಿ ಅಚ್ಚಾಗಿತ್ತು. ಒಳಗೆ ಏನೇನು ಇದೆ ಎಂಬುದನ್ನು ಮಾತ್ರ ಯಾವ ಭಾಷೆಯಲ್ಲೂ ಬರೆದಿರಲಿಲ್ಲ.

"ಇದನ್ನ ಡಾಕ್ಟರಿಗಿ ಹೇಳತಿಯಿಲ್ಲೋ?"

ಅಕ್ಕ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಹೇಳಬಾರ್ದವ! ಒಬ್ಬರ ಮದ್ದು ಇನ್ನೊಬ್ಬರ ಮುಂದ ಹೇಳಿದ್ರ ಗುಣಾನೇ ಹೋಗ್ತದ. ತಿಂಥಣಿ ಮೌನೇಶ್ವರನ ಆಣಿ ಮಾಡಿಸ್ಕೊಂಡಾರ."

ಈ ನಂಬಿಕೆ ನನಗೆ ಹೊಸದಲ್ಲ. ನಿಮಗೂ ಹೊಸದಲ್ಲ. ಕಾಮಾಲೆಗೆ ಬೇರು ಕಟ್ಟಿಸಿಕೊಂಡು ಬಂದ ನಮ್ಮ ಅವ್ವ ಅದು ಯಾವ ಬೇರು, ಯಾರು ಕಟ್ಟಿದರು ಎಂದು ಅಪ್ಪನಿಗೂ ಹೇಳಿರಲಿಲ್ಲ. ಹಳ್ಳಿಯ ವೈದ್ಯ ಹಾಗೆ ಹೇಳಿದರೆ ಅದು ಅವನ ಹಿರಿಯರಿಂದ ಬಂದ ಕಟ್ಟಳೆ. ಆದರೆ ಯಾದಗಿರಿಯ ಈ ನಿಸರ್ಗ ಚಿಕಿತ್ಸೆಯ ಪಂಡಿತರು? ಗೋಡೆಗೆ ಇಂಗ್ಲಿಷ್ ಚಾರ್ಟು ನೇತುಹಾಕಿದ್ದಾರೆ. ಬಾಯಿ ತೆರೆದರೆ ನಿಸರ್ಗ, ವಿಜ್ಞಾನ! ತಮಗೆ ಬೇಕಾದ ಕಡೆ ವಿಜ್ಞಾನ, ಬೇಡವಾದ ಕಡೆ ದೇವರ ಆಣೆ. ಅನುಕೂಲ ಅಂದರೆ ಇದಲ್ಲವೇ?

ಹಾಗಂತ ನಾನೇನು ಶೂರಳಲ್ಲ. ಮಣ್ಣು ತೊಳೆದೆ, ಸೆರಗು ಹೊದಿಸಿದೆ, ಬಾಯಿ ಮುಚ್ಚಿಕೊಂಡು ಹೈದರಾಬಾದಿನ ಗಾಡಿ ಹತ್ತಿದೆ. ಇಷ್ಟು ಓದಿದ ನನಗೂ ಆಣೆ ಎಂದರೆ ಒಳಗೆ ಅಳುಕು.

ದವಾಖಾನೆಯಲ್ಲಿ ಡಾಕ್ಟರ್ ಸಾಹೇಬರು ನೋಡಿದರು. ಒಣಗಿರಬೇಕಾದ ಚರ್ಮ ಹಸಿಹುಣ್ಣಾಗಿ ನೀರು ಒಸರುತ್ತಿತ್ತು. ಏನು ಹಚ್ಚಿದಿರಿ ಎಂದು ಉರ್ದುವಿನಲ್ಲಿ ಕೇಳಿದರು. ಗುರುಮಠಕಲ್ ಕಡೆಯ ನರ್ಸಮ್ಮ ಒಬ್ಬರಿದ್ದರು, ಪುಣ್ಯಾತ್ಗಿತ್ತಿ, ಅದನ್ನೇ ಕನ್ನಡದಲ್ಲಿ ಕೇಳಿದರು. "ಏನ್ ಹಚ್ಚೀರಮ್ಮಾ? ಹೇಳ್ರಿ, ಅಂಜಬ್ಯಾಡ್ರಿ."

"ಏನೂ ಇಲ್ರಿ," ಎಂದಳು ಅಕ್ಕ.

"ಊಟಾ ಮಾಡ್ತೀರೇನು?"

"ಹೊಟ್ಟಿ ತುಂಬ ಮಾಡ್ತೀನ್ರಿ."

ಡಾಕ್ಟರು ಕಾಗದದ ಮೇಲೆ ಏನೋ ಬರೆಯತೊಡಗಿದರು. ಉರ್ದು ನನಗೆ ಬರುತ್ತದೆ. ಈ ಮೈ ಕಿರಣ ತಡೆಯುವುದಿಲ್ಲ, ಉಣ್ಣುತ್ತಿದ್ದರೂ ಹೀಗೆ ಸೊರಗಿದೆ, ಚಿಕಿತ್ಸೆ ಇಲ್ಲಿಗೇ ನಿಲ್ಲಿಸೋಣ ಎಂದು ನರ್ಸಿಗೆ ಹೇಳುತ್ತಿದ್ದರು. ಎರಡನೇ ಸುತ್ತು ಇಲ್ಲ! ಮಣ್ಣಿನ ತಪ್ಪನ್ನೂ ಉಪವಾಸದ ತಪ್ಪನ್ನೂ ಮಷಿನ್ನಿನ ಲೆಕ್ಕಕ್ಕೆ ಹಾಕಿ, ಅಕ್ಕನಿಗೆ ಇದ್ದ ಒಂದೇ ದಾರಿಯನ್ನು ಆ ಕಾಗದ ಮುಚ್ಚುತ್ತಿತ್ತು.

ನನಗೆ ಆಗ ಯಾವ ಆಣೆಯೂ ನೆನಪಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಮಣ್ಣು, ಹಾಗಲಕಾಯಿ, ಡಬ್ಬಿ, ಎಲ್ಲ. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು.

ಡಾಕ್ಟರು ಆ ಕಾಗದ ಹರಿದರು. ಆಮೇಲೆ ಬೈಯಲು ಶುರು ಮಾಡಿದರು ನೋಡಿ! ಜಾಹಿಲರು, ಮೂಢರು ಎಂದು ವಾರ್ಡಿಗೆಲ್ಲ ಕೇಳುವ ಹಾಗೆ. ನನಗೆ ಅವರ ಮೇಲೂ ಸಿಟ್ಟು ಬಂತು. ಹೋದ ಸಲ ಇದೇ ಸಾಹೇಬರು ಅಪ್ಪಣೆ ಕೊಟ್ಟದ್ದು ಬಿಟ್ಟು ಅಕ್ಕನ ಜೊತೆ ಎರಡು ಮಾತು ಆಡಿದ್ದರೆ ನನ್ನಾಣೆ. ಅವರು ಹೊರಗೆ ಹೋದಮೇಲೆ ಅಕ್ಕ ಗೋಡೆಗೇ ಹೇಳಿದಳು:

"ಪಂಡಿತರು ಒಂದು ತಾಸು ಕುಂತು ಮಾತಾಡಿದ್ರು. ನಿದ್ದಿ ಬರ್ತದೇನವ್ವಾ ಅಂತ ಕೇಳಿದ್ರು. ಇಲ್ಲಿ ಯಾರು ಕೇಳ್ಯಾರ?"

ಇದಕ್ಕೆ ಉತ್ತರ ಕೊಡಿ, ದೊಡ್ಡ ಡಿಗ್ರಿಯವರೇ.

ನರ್ಸಮ್ಮ ಕೊಟ್ಟರು. ಅಕ್ಕನ ಪಕ್ಕ ಕೂತು ಹೇಳಿದರು: "ಲಿಂಬಿಪಾನಕ ಕುಡೀರಿ, ಯಾರು ಬ್ಯಾಡ ಅಂತಾರ? ಅಂಗಾಲಿಗಿ ಎಣ್ಣಿ ತಿಕ್ಕಿಸ್ಕೋರಿ, ಮುಂಜಾನಿ ಗಾಳಿಗಿ ನಾಕು ಹೆಜ್ಜಿ ಅಡ್ಡಾಡ್ರಿ, ಜೀವಕ್ಕ ಹಗುರ ಆಗ್ತದ. ಆದ್ರ ಅನ್ನಾ ಬಿಡಬ್ಯಾಡ್ರಿ. ಸುಟ್ಟ ಜಾಗಕ್ಕ ಏನೂ ಮುಟ್ಟಿಸಬ್ಯಾಡ್ರಿ. ಏನ್ ತಗೊಂಡ್ರೂ ನಮಗ ಹೇಳ್ರಿ." ಅಷ್ಟೇ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಇದನ್ನು ಮೊದಲ ದಿನವೇ ಯಾರಾದರೂ ಹೀಗೆ ಪಕ್ಕದಲ್ಲಿ ಕೂತು ಹೇಳಿದ್ದರೆ ಅಕ್ಕ ಯಾದಗಿರಿಯ ಆ ಮೆಟ್ಟಿಲು ಹತ್ತುತ್ತಿರಲಿಲ್ಲ.

ಒಂದು ತಿಂಗಳು ಬಿಟ್ಟು ಬನ್ನಿ, ಹುಣ್ಣು ಮಾಯ್ದು ಮೈ ತುಂಬಿಕೊಂಡಿದ್ದರೆ ನೋಡೋಣ ಎಂದಿದ್ದಾರೆ ಡಾಕ್ಟರು. ಆ ತಿಂಗಳಿನಲ್ಲಿ ಒಳಗಿನ ರೋಗ ಸುಮ್ಮನೆ ಕೂತಿರುತ್ತದೆಯೇ ಎಂದು ಕೇಳಿದೆ. ಅವರು ಮುಂದಿನ ರೋಗಿಯನ್ನು ಕರೆದರು.

ವಾಪಸ್ ಬರುವಾಗ ಅಕ್ಕನನ್ನು ಯಾದಗಿರಿ ಸ್ಟೇಷನ್ನಿನಲ್ಲೇ ಕೂಡಿಸಿ ಪಂಡಿತರ ಮನೆಗೆ ಹೋದೆ. ಶುಭ್ರ ಧೋತರ, ಶಾಂತ ಮುಖ. ಕೂತುಕೊಳ್ಳಿ ತಾಯಿ ಎಂದರು. ನಾನು ಕೂತುಕೊಳ್ಳಲಿಲ್ಲ.

"ಡಾಕ್ಟರಿಗಿ ಹೇಳಬ್ಯಾಡ ಅಂತ ಆಣಿ ಯಾಕ ಮಾಡಿಸಿದ್ರಿ?"

ಅವರು ಒಂದಿಷ್ಟೂ ತಡವರಿಸಲಿಲ್ಲ. "ಹೇಳಿದ್ರ ಅವರು ನಿಲ್ಲಿಸು ಅಂತಿದ್ರಲ್ರಿ ತಾಯಿ."

ಕೇಳಿದಿರಾ? ಮದ್ದಿನ ಗುಣ ಹೋಗುತ್ತದೆ ಎಂದಲ್ಲ. ಗಿರಾಕಿ ಹೋಗುತ್ತಾಳೆ ಎಂದು! ದಾರಿಯುದ್ದಕ್ಕೂ ಕಟ್ಟಿಟ್ಟುಕೊಂಡಿದ್ದ ಬೈಗುಳವೆಲ್ಲ ಮರೆತುಹೋಗಿ, ಬಾಗಿಲು ಧಡಾರನೆ ಹಾಕಿಕೊಂಡು ಬಂದೆ.

ಈಗ ಅಕ್ಕ ಶಹಾಪುರದಲ್ಲಿ ನನ್ನ ಮನೆಯಲ್ಲೇ ಇದ್ದಾಳೆ. ಬಿಸಿ ರೊಟ್ಟಿ ಹಾಲಿನಲ್ಲಿ ಅದ್ದಿ ಕೊಟ್ಟರೆ ಒಂದು ತುತ್ತು ತಿಂದು ತಟ್ಟೆ ಸರಿಸುತ್ತಾಳೆ. ಮೈ ತುಂಬಬೇಕಲ್ಲ ಅಕ್ಕಾ, ಇಲ್ಲದಿದ್ದರೆ ಮಷಿನ್ನಿಗೆ ಹಾಕುವುದಿಲ್ಲ ಎಂದು ಗೋಗರೆಯುತ್ತೇನೆ. ನಿನ್ನೆ ಮೆಲ್ಲಗೆ ಕೇಳಿದಳು: "ಆಣಿ ಮುರೀತಲ್ಲವ, ಇನ್ನ ನಾ ಉಂಡರೇನು ಬಿಟ್ಟರೇನು?"

ಪಂಡಿತರೇ, ಅವಳ ಗಂಟಲಿಗೆ ಕಟ್ಟಿರುವ ಆ ಆಣೆಯನ್ನು ಬಿಚ್ಚುವುದಕ್ಕಾದರೂ ಒಮ್ಮೆ ಶಹಾಪುರಕ್ಕೆ ಬರುತ್ತೀರಾ?